ಮಳೆ ಬರ್ಲಿಲ್ಲ, ಟೆಂಟ್ ಸೋರ್ಲಿಲ್ಲ, ಆದ್ರೂ ನೆಂದ್ವಿ

ಕಳೆದ ಡಿಸೆಂಬರ್‌ನಲ್ಲಿ ನಾವು ಮೂರು ಜನ ಹೊನ್ನೆಮರಡಿಗೆ ಹೋಗಿದ್ವಿ. ಸಾಗರ ತಾಲ್ಲೂಕಿನಲ್ಲಿ, ಶರಾವತಿಗೆ 1964ರಲ್ಲಿ ಕಟ್ಟಿ ಮುಗಿಸಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿರೋ ಜಾಗ ಅದು. ನೀರಿನ ಸಾಹಸ ಕಲಿಸೋರು ಅಲ್ಲಿದ್ದಾರೆ. ಅವರ ಜೊತೆ ಲೈಫ್ ಜಾಕೆಟ್ ಹಾಕ್ಕೊಂಡು, ಹುಟ್ಟು ಹಾಕುತ್ತಾ ನಡುಗಡ್ಡೆಗೆ ಹೋಗಿ ಎರಡು ರಾತ್ರಿ ಟೆಂಟ್‌ನಲ್ಲಿ ಮಲಗೋದು ನಮ್ಮ ಪ್ಲಾನ್.

ಮೊದಲನೇ ರಾತ್ರಿ ನಾಲ್ಕು ಗಂಟೆಗೆ ಮುಖದ ಮೇಲೆ ಹನಿ ಬಿದ್ದು ಎಚ್ಚರ ಆಯ್ತು. ಸ್ಲೀಪಿಂಗ್ ಬ್ಯಾಗ್‌ನ ಕಾಲಿನ ಕಡೆ ಪೂರ್ತಿ ಒದ್ದೆ. ಮಳೆ ಅಂದ್ಕೊಂಡು ಹೊರಗೆ ಬಂದ್ರೆ ಆಕಾಶದ ತುಂಬ ನಕ್ಷತ್ರ! ನಮ್ಮಲ್ಲೊಬ್ಬನಿಗೆ ಬೆಳಗಾದ್ರೂ ನಡುಕ ನಿಲ್ಲಲಿಲ್ಲ. ನೀರಿನ ಮೇಲೆ ಇದು ಬರೀ ಕಿರಿಕಿರಿ ಅಲ್ಲ. ನಿದ್ದೆ ಕೆಟ್ಟು, ಮೈ ತಣ್ಣಗಾಗಿದ್ರೆ ಎದುರುಗಾಳಿಗೆ ಹುಟ್ಟು ಹಾಕೋಕೆ ಕೈಯಲ್ಲಿ ಬಲ ಇರಲ್ಲ, ದೋಣಿ ಮಗುಚಿದ್ರೆ ವಾಪಸ್ ಹತ್ತೋಕೂ ಇರಲ್ಲ. ಎರಡನೇ ರಾತ್ರಿ ಕ್ಯಾನ್ಸಲ್ ಮಾಡಿ ದಡಕ್ಕೆ ಬಂದ್ವಿ.

ವಾಪಸ್ ಬಂದ ಮೇಲೆ ಟೆಂಟ್ ಸೋರ್ತಿದೆ, ದುಡ್ಡು ವಾಪಸ್ ಕೇಳೋಣ ಅಂತ ತೀರ್ಮಾನಿಸಿದ್ವಿ. ಅದಕ್ಕೆ ಸಾಕ್ಷಿ ಬೇಕಲ್ಲ? ಅಬ್ಬಿಗೆರೆಯ ನಮ್ಮ ಪಿಜಿ ಟೆರೇಸ್ ಮೇಲೆ ಟೆಂಟ್ ನಿಲ್ಲಿಸಿ, ಒಬ್ಬ ಒಳಗೆ ಕೂತು, ಇಬ್ಬರು ಬಕೆಟ್ ಬಕೆಟ್ ನೀರು ಸುರಿದ್ವಿ. (ಓನರ್ ಆಂಟಿ ಹತ್ರ ಬೈಸ್ಕೊಂಡಿದ್ದು ಬೇರೆ ಕಥೆ.) ಒಂದು ಹನಿನೂ ಒಳಗೆ ಬರಲಿಲ್ಲ. ಅಂದ್ರೆ ಆ ನೀರು ಹೊರಗಿಂದ ಬಂದಿದ್ದಲ್ಲ, ನಮ್ಮದೇ!

ಲೆಕ್ಕ ಹಾಕಿದ್ರೆ ಗೊತ್ತಾಗುತ್ತೆ. ಸುಮ್ಮನೆ ಮಲಗಿದ್ರೂ ಉಸಿರು ಮತ್ತು ಚರ್ಮದಿಂದ ಒಬ್ಬರ ಮೈಯಿಂದ ಗಂಟೆಗೆ ಸುಮಾರು 30 ಮಿಲಿ ನೀರು ಆವಿಯಾಗಿ ಹೋಗುತ್ತೆ. ಮೂರು ಜನ, ಎಂಟು ಗಂಟೆ: 700 ಮಿಲಿ ದಾಟುತ್ತೆ. ಇನ್ನೊಂದು ಕಡೆ, ಮೋಡ ಇಲ್ಲದ ರಾತ್ರಿ ಟೆಂಟ್ ಬಟ್ಟೆ ತನ್ನ ಶಾಖವನ್ನ ಆಕಾಶಕ್ಕೆ ಬಿಟ್ಟು ಸುತ್ತಲ ಗಾಳಿಗಿಂತ ತಣ್ಣಗಾಗುತ್ತೆ. ಬೆಳಿಗ್ಗೆ ಬೈಕ್ ಸೀಟ್ ಮೇಲೆ ಇಬ್ಬನಿ ಕೂರೋದೂ ಇದೇ ಕಾರಣಕ್ಕೆ. ಗಾಳಿ 16 ಡಿಗ್ರಿ ಇದ್ದು ಆರ್ದ್ರತೆ ಶೇಕಡಾ 90 ಇದ್ರೆ ಡ್ಯೂ ಪಾಯಿಂಟ್ ಹೆಚ್ಚುಕಡಿಮೆ 14.4 ಡಿಗ್ರಿ. ಬಟ್ಟೆ ಎರಡು ಡಿಗ್ರಿ ತಣ್ಣಗಾದ್ರೆ ಸಾಕು, ಹನಿ ಕಟ್ಟೋಕೆ ಶುರು. ನೀರಿನ ಪಕ್ಕ ಆರ್ದ್ರತೆ ಹೇಗೂ ಜಾಸ್ತಿ. ಅದರ ಮೇಲೆ ನಾವು ಚಳಿ ಅಂತ ಜಿಪ್ ಎಲ್ಲಾ ಬಿಗಿಯಾಗಿ ಮುಚ್ಕೊಂಡು ಮಲಗಿದ್ವಿ.

ತಪ್ಪು ಶುರುವಾಗಿದ್ದು ಮಾತ್ರ ಕೊಳ್ಳುವಾಗಲೇ. ನಾವು ನೋಡಿದ್ದು ಒಂದೇ ನಂಬರ್, ತೂಕ. 1.4 ಕೆಜಿ ಅಂತ ಖುಷಿಯಾಗಿ ಒಂದೇ ಪದರದ ಟೆಂಟ್ ತಗೊಂಡ್ವಿ. ಎರಡು ಪದರದ ಟೆಂಟ್‌ನಲ್ಲಿ ಒಳಗೊಂದು ಜಾಲರಿ ಗೂಡು, ಅದರ ಮೇಲೆ ಒಂದು ಅಂಗೈ ಅಂತರ ಬಿಟ್ಟು ಮಳೆ ತಡೆಯೋ ಹೊದಿಕೆ ಇರುತ್ತೆ. ಹನಿ ಅದರಲ್ಲೂ ಕಟ್ಟುತ್ತೆ, ಆದ್ರೆ ಹೊರ ಹೊದಿಕೆ ಮೇಲೆ ಕಟ್ಟಿ ಜಾಲರಿಯ ಆಚೆಗೆ ಜಾರಿ ಹೋಗುತ್ತೆ. ಇದಕ್ಕೆ ನಾವು ಕೊಡೋ ಬೆಲೆ ಸುಮಾರು ಅರ್ಧ ಕೆಜಿ.

ಅರ್ಧ ಕೆಜಿ ಬೆನ್ನಿಗೆ ಭಾರವೇ, ಕುಮಾರಪರ್ವತ ಹತ್ತೋರನ್ನ ಕೇಳಿ. ದೋಣಿಗೆ? ಇಬ್ಬರು, ಕಯಾಕ್, ಸಾಮಾನು ಎಲ್ಲಾ ಸೇರಿ 180 ಕೆಜಿ ಅಂದ್ಕೊಳ್ಳಿ. ಅದರಲ್ಲಿ ಅರ್ಧ ಕೆಜಿ ಅಂದ್ರೆ ಶೇಕಡಾ 0.3 ಕೂಡ ಇಲ್ಲ. ನಿಜ ಹೇಳಬೇಕಂದ್ರೆ, ಆ ಟ್ರಿಪ್‌ನಲ್ಲಿ ನಮ್ಮ ಟೆಂಟ್ ಬೆನ್ನ ಮೇಲೆ ಅತಿ ದೂರ ಹೋಗಿದ್ದು ಪಿಜಿಯಿಂದ ಬಸ್ ಸ್ಟಾಪ್‌ಗೆ. ಆಮೇಲೆ ತಾಳಗುಪ್ಪದವರೆಗೆ ರೈಲು, ಅಲ್ಲಿಂದ ಆಟೋ, ಅಲ್ಲಿಂದ ದೋಣಿ. ಹಾಗಂತ ಐದು ಕೆಜಿಯ ಫ್ಯಾಮಿಲಿ ಟೆಂಟ್ ಹೊತ್ಕೊಂಡು ಹೋಗಿ ಅಂತಲ್ಲ. ಎರಡು, ಎರಡೂವರೆ ಕೆಜಿ ಒಳಗಿನ ಎರಡು ಪದರದ ಟೆಂಟ್ ನಮ್ಮ ಥರದವರಿಗೆ ಸಾಕು.

ದೋಣಿಗೆ ತೂಕಕ್ಕಿಂತ ಉದ್ದ ಮುಖ್ಯ. ಕಯಾಕ್‌ನ ಸಾಮಾನಿಡೋ ಬಾಯಿ ಚಿಕ್ಕದು. ಮಡಚಿದ ಕಂಬ ಅರ್ಧ ಮೀಟರ್ ಇದ್ರೆ ಒಳಗೆ ತೂರಿಸೋಕೆ ಒದ್ದಾಡಬೇಕು. ಟೆಂಟ್‌ನ ಅದರ ಚೀಲದಲ್ಲೇ ಒಂದೇ ಗಂಟಾಗಿ ಇಡಬೇಡಿ. ಆ ಚೀಲ ನೀರು ತಡೆಯೋದೂ ಇಲ್ಲ. ಒಳಗೂಡು, ಹೊದಿಕೆ ಎರಡನ್ನೂ ಡ್ರೈ ಬ್ಯಾಗ್‌ಗೆ ತುರುಕಿ, ಕಂಬಗಳನ್ನ ಬೇರೆ ಕಟ್ಟಿ. ತೆಪ್ಪದಲ್ಲಿ ಹೋಗೋದಾದ್ರೆ ಡ್ರೈ ಬ್ಯಾಗ್ ಇನ್ನೂ ಮುಖ್ಯ, ಯಾಕಂದ್ರೆ ನೀರು ನಿಲ್ಲೋದೇ ಸಾಮಾನಿಟ್ಟ ತಳದಲ್ಲಿ.

ಇನ್ನು ಗೂಟ. ಈಗ ಟ್ರೆಕ್ಕಿಂಗ್ ಕೋಲನ್ನೇ ಕಂಬ ಮಾಡೋ ಒಂದು ಕೆಜಿ ಟೆಂಟ್‌ಗಳು ಫೇಮಸ್. ಅವು ನಿಲ್ಲೋದು ಪೂರ್ತಿ ಗೂಟದ ಬಲದ ಮೇಲೆ. ಮಲೆನಾಡಿನ ಜಂಬಿಟ್ಟಿಗೆ ನೆಲ ಚಳಿಗಾಲದಲ್ಲಿ ಗಟ್ಟಿಯಾದ್ರೆ ತೆಳ್ಳಗಿನ ಗೂಟ ಬಗ್ಗುತ್ತೆ, ಇಳಿಯಲ್ಲ. ಮರಳಲ್ಲಿ ಉಲ್ಟಾ, ಇಳಿಯುತ್ತೆ, ನಿಲ್ಲಲ್ಲ. ಅದಕ್ಕೆ ಎರಡು ಕಂಬ ಅಡ್ಡ ದಾಟಿ ತಾನಾಗೇ ನಿಲ್ಲೋ ಗುಮ್ಮಟದ ಆಕಾರದ್ದೇ ನಮ್ಮ ಓಟು. ಆದ್ರೆ ಹಗ್ಗವನ್ನ ಕಲ್ಲಿಗೋ ಮರದ ಬುಡಕ್ಕೋ ಕಟ್ಟಲೇಬೇಕು. ಹಿನ್ನೀರಿನ ಮೇಲೆ ಗಾಳಿಗೆ ಅಡ್ಡ ಏನೂ ಇರಲ್ಲ, ಖಾಲಿ ಟೆಂಟ್ ಒಳ್ಳೆ ಗಾಳಿಪಟ.

ಮೆಕ್ಯಾನಿಕಲ್ ಗೆಳೆಯರಿಗೊಂದು ಪ್ರಶ್ನೆ: ಗ್ಲಾಸ್ ಫೈಬರ್‌ನ ಸಾಂದ್ರತೆ ಅಲ್ಯೂಮಿನಿಯಂಗಿಂತ ಕಡಿಮೆ, ಆದ್ರೂ ಫೈಬರ್‌ಗ್ಲಾಸ್ ಕಂಬ ಯಾಕೆ ಭಾರ? ಅಲ್ಯೂಮಿನಿಯಂನಲ್ಲಿ ತೆಳು ಗೋಡೆಯ ಕೊಳವೆ ಮಾಡಬಹುದು, ಫೈಬರ್‌ಗ್ಲಾಸ್‌ಗೆ ದಪ್ಪ ಬೇಕು. ಮುರಿಯೋ ರೀತಿನೂ ಬೇರೆ. ಒಂದು ಬಗ್ಗುತ್ತೆ, ಇನ್ನೊಂದು ಸೀಳಿ ಬಟ್ಟೆ ಹರಿಯುತ್ತೆ.

ಲೇಬಲ್ ಮೇಲಿನ 1500 ಮಿಮೀ, 3000 ಮಿಮೀ ಅನ್ನೋದು ಬಟ್ಟೆ ತಡೆಯೋ ನೀರಿನ ಕಂಬದ ಎತ್ತರ. ಚಾವಣಿಗೆ 1500 ಸಾಕು. ನೆಲದ ಲೆಕ್ಕ ಬೇರೆ: 60 ಕೆಜಿಯ ಮನುಷ್ಯ ಒಂದು ಮಂಡಿ ಊರಿದ್ರೆ, ಮಂಡಿಯ ಅಗಲ 100 ಚದರ ಸೆಂಟಿಮೀಟರ್ ಅಂದ್ಕೊಂಡ್ರೆ, ಸುಮಾರು 60 ಕಿಲೋಪ್ಯಾಸ್ಕಲ್. ಅದು 6000 ಮಿಮೀ ನೀರಿಗೆ ಸಮ. ಆದ್ದರಿಂದ ಕೆಳಗೊಂದು ದಪ್ಪ ಪ್ಲಾಸ್ಟಿಕ್ ಶೀಟ್ ಹಾಕಿ, ಟೆಂಟ್‌ಗಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿ. ಹೊರಗೆ ಚಾಚ್ಕೊಂಡಿದ್ರೆ ಮಳೆ ನೀರು ಅದರ ಮೇಲೆ ಬಿದ್ದು ನಿಮ್ಮ ಕೆಳಗೇ ಬರುತ್ತೆ.

ಟೆಂಟ್ ಎಷ್ಟೇ ಚೆನ್ನಾಗಿದ್ರೂ ಜಾಗ ತಪ್ಪಿದ್ರೆ ಕೆಟ್ಟಂಗೆ. ಮರದ ಕೆಳಗೆ ಇಬ್ಬನಿ ಕಡಿಮೆ, ಯಾಕಂದ್ರೆ ಬಟ್ಟೆಗೆ ತೆರೆದ ಆಕಾಶ ಕಾಣಲ್ಲ. ಮೇಲೆ ಒಣಗಿದ ಕೊಂಬೆ ಇದೆಯಾ ಅಂತ ಮಾತ್ರ ನೋಡ್ಕೊಳ್ಳಿ. ದಾಂಡೇಲಿ ಕಡೆ ಹೋಗೋರು ಇದನ್ನಂತೂ ಮರೀಬೇಡಿ: ಕಾಳಿ ನದಿಗೆ ಸೂಪಾ ಅಣೆಕಟ್ಟಿನ ವಿದ್ಯುತ್ ಮನೆಯಿಂದ ನೀರು ಬಿಟ್ಟಾಗ ಮಳೆ ಇಲ್ಲದೆನೇ ನದಿ ಏರುತ್ತೆ. ನದಿ ಮಧ್ಯದ ಮರಳು, ಬಂಡೆ ನೋಡೋಕೆ ಎಷ್ಟೇ ಚೆಂದ ಇರಲಿ, ಅಲ್ಲಿ ಮಲಗಬೇಡಿ. ಕಾಡಿನ ಜಾಗಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕು, ಕೇಳದೆ ಟೆಂಟ್ ಹಾಕಬೇಡಿ.

ಫೆಬ್ರವರಿಯಲ್ಲಿ ಮತ್ತೆ ಹೊನ್ನೆಮರಡಿಗೆ ಹೋದ್ವಿ, ಸೀನಿಯರ್ ಒಬ್ಬರ 2.3 ಕೆಜಿಯ ಎರಡು ಪದರದ ಟೆಂಟ್ ಸಾಲ ತಗೊಂಡು. ‘ಮೂರು ಜನಕ್ಕೆ’ ಅಂತ ಬರೆದಿತ್ತು, ಇಬ್ಬರೇ ಮಲಗಿದ್ವಿ. ಮೂರನೆಯವನು ನಮ್ಮ ಹಳೇ ಟೆಂಟ್‌ನಲ್ಲಿ ಒಬ್ಬನೇ, ಮರದ ಕೆಳಗೆ, ಎರಡೂ ಕಡೆ ಜಿಪ್ ಅರ್ಧ ತೆಗೆದು. ಬೆಳಿಗ್ಗೆ ಹೊರ ಹೊದಿಕೆಯ ಒಳಗೆ ಕೈ ಆಡಿಸಿದ್ರೆ ಅಂಗೈ ಒದ್ದೆ, ನಮ್ಮ ಸ್ಲೀಪಿಂಗ್ ಬ್ಯಾಗ್ ಒಣಗಿತ್ತು. ಅವನದ್ದು ಕಾಲಿನ ತುದಿಯಲ್ಲಿ ಸ್ವಲ್ಪ ತೇವ, ಅಷ್ಟೇ. ಈ ಸಲ ಎರಡು ರಾತ್ರಿನೂ ಇದ್ವಿ.

ವಾಪಸ್ ಬಂದ ದಿನವೇ ಎರಡನ್ನೂ ಟೆರೇಸ್ ಮೇಲೆ ನೆರಳಲ್ಲಿ ಹರಡಿದ್ವಿ. ಒದ್ದೆ ಮಡಚಿಟ್ಟರೆ ಒಳಗಿನ ಪಾಲಿಯುರೆಥೇನ್ ಲೇಪನ ಕರಗಿ ಅಂಟಂಟಾಗಿ ವಾಸನೆ ಹೊಡೆಯುತ್ತೆ, ಆಮೇಲೆ ರಿಪೇರಿ ಕಷ್ಟ. ಆಂಟಿ ಈ ಸಲ ಬೈಲಿಲ್ಲ, ಬಕೆಟ್ ಎಲ್ಲಿ ಅಂತ ಮಾತ್ರ ಕೇಳಿದ್ರು.