ನೂಲಿನ ಎಳೆಯೂ ಮುಖದ ರೋಮವೂ

ದಾರದಿಂದ ಹುಬ್ಬು ತೀಡುವುದನ್ನು ಹೊಸ ಕಾಲದ ಷೋಕಿಯೆಂದು ಹಲವು ಹಿರಿಯರು ಭಾವಿಸುವುದುಂಟು. ವಾಸ್ತವದಲ್ಲಿ ಇದು ಹಳೆಯ ವಿದ್ಯೆ. ಇರಾನಿನಲ್ಲಿ ಇದಕ್ಕೆ ‘ಬಂದ್ ಅಂದಾಜಿ’ ಎಂದು ಹೆಸರು. ಮದುವಣಗಿತ್ತಿಯ ಮುಖಕ್ಕೆ ನೂಲು ಹಿಡಿಯುವುದು ಅಲ್ಲಿ ವಿವಾಹಪೂರ್ವದ ಒಂದು ಶಾಸ್ತ್ರವೇ ಆಗಿತ್ತು. ಹೊಸೆದ ಹತ್ತಿಯ ದಾರವು ಚರ್ಮದ ಮೇಲೆ ಹೊರಳುವಾಗ ರೋಮವು ಸುರುಳಿಯಲ್ಲಿ ಸಿಲುಕಿ ಬುಡಸಹಿತ ಬರುತ್ತದೆ. ಕೆಲವು ವಾರಗಳಲ್ಲಿ ಮರಳಿ ಬೆಳೆಯುತ್ತದೆ. ದಾರವನ್ನು ಬಾಯಲ್ಲಿ ಕಚ್ಚಿ ಹಿಡಿಯದಿರುವುದು ಲೇಸು. ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ಸಲ್ಲದು. ಮೊಡವೆ, ಗಾಯಗಳಿದ್ದಲ್ಲಿ ಸೋಕಿಸಬಾರದು.

ತಾಯಂದಿರಿಗೆ ನಾವು ಮುಖ್ಯವಾಗಿ ಹೇಳಬೇಕಾದುದು ಬೇರೊಂದಿದೆ. ಬೆಳೆದ ಮಗಳ ಗದ್ದ, ಮೇಲ್ದುಟಿಗಳಲ್ಲಿ ಒರಟು ರೋಮ ದಟ್ಟವಾಗುತ್ತ, ಮುಟ್ಟೂ ಏರುಪೇರಾಗುತ್ತಿದ್ದರೆ ಅದು ನೂಲಿನಿಂದ ತೀರುವ ವಿಷಯವಲ್ಲ. ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆಯ ಲಕ್ಷಣ ಅದಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ನೂರು ಸ್ತ್ರೀಯರಲ್ಲಿ 10ರಿಂದ 13 ಮಂದಿಗೆ ಇದುಂಟು. ಚಿಕಿತ್ಸೆಯಿಂದ ಹತೋಟಿಗೂ ಬರುತ್ತದೆ. ಹೆಣ್ಣು ನೋಡಲು ಬರುವವರಿಗೆ ಅಂಜಿ ದಾರವೆಳೆದು ಸುಮ್ಮನಾಗದೆ, ಮಗಳನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ‘ಮೀಸೆ ಬಂತಲ್ಲ’ ಎಂಬ ನಗೆಮಾತು ಮೊದಲು ನಮ್ಮ ಮನೆಗಳಲ್ಲಿಯೇ ನಿಂತುಹೋಗಬೇಕು; ಆ ಮಾತಿಗೆ ನೊಂದ ಮಗಳು ತನ್ನ ಬಾಧೆಯನ್ನು ತಾಯಿಗೂ ಹೇಳಲಾರಳು.