ರಜೆಯಿಲ್ಲದ ಒಲೆ

ಏಪ್ರಿಲ್ ಬಂತೆಂದರೆ ಜಯನಗರ, ಬನಶಂಕರಿಗಳ ಮನೆಗಳಲ್ಲಿ ನೆಂಟರ ಸಂಭ್ರಮ. ಬೆಳಗ್ಗೆ ಬನಶಂಕರಿ ಅಮ್ಮನ ದರ್ಶನ, ಸಂಜೆ ಲಾಲ್‌ಬಾಗು. ಮಕ್ಕಳಿಗೆ ರಜೆ, ಕಚೇರಿಯವರಿಗೂ ರಜೆ. ರಜೆಯಿಲ್ಲದುದು ಒಲೆಗೆ, ಅದರ ಮುಂದೆ ನಿಂತ ಗೃಹಿಣಿಗೆ.

ಇಪ್ಪತ್ತು ಮಂದಿಯ ಊಟವೆಂದರೆ ನಾಲ್ವರ ಅಡುಗೆಯನ್ನು ಐದರಿಂದ ಗುಣಿಸುವ ಲೆಕ್ಕವಲ್ಲ. ಅಕ್ಕಿಯನ್ನು ಹಾಗೆ ಅಳೆಯಬಹುದು, ತಲೆಗೆ 100 ಗ್ರಾಂನಂತೆ 2 ಕಿಲೋ. ಉಪ್ಪು, ಖಾರಗಳನ್ನಾದರೋ ಮೊದಲು ಹಿಡಿದು ಹಾಕಿ, ರುಚಿ ನೋಡಿ ಏರಿಸಬೇಕು. ದೋಸೆಯ ಗೊಡವೆ ಬೇಡ. ಹೊಯ್ಯುವವಳ ಸರದಿ ಬರುವಾಗ ಹಿಟ್ಟು ತಳಕಂಡಿರುತ್ತದೆ. ಇಡ್ಲಿ ಲೇಸು. ಅಕ್ಕಿ ನೆನೆಹಾಕಲು ಮರೆತರೆ ರವೆ ಇಡ್ಲಿ; ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ಬೆಂಗಳೂರಿನ ಎಂ.ಟಿ.ಆರ್. ಉಪಾಹಾರಗೃಹದಲ್ಲಿ ಹುಟ್ಟಿದ ತಿಂಡಿಯದು ಎನ್ನುತ್ತಾರೆ.

ಹಿರಿಯರ ಜಾಣ್ಮೆಯೆಲ್ಲ ಪುಳಿಯೋಗರೆಯ ಗೊಜ್ಜಿನಲ್ಲಿದೆ. ಹುಣಿಸೆ, ಉಪ್ಪು, ಬೆಲ್ಲ, ಎಣ್ಣೆ ಕೂಡಿ, ನೀರಿನಂಶ ಆರುವವರೆಗೆ ಕುದಿಸಿದ ಗೊಜ್ಜು ವಾರ ಕಳೆದರೂ ಕೆಡದು. ನೆಂಟರು ಬರುವ ಮುನ್ನವೇ ಅದನ್ನು ಭರಣಿಯಲ್ಲಿ ತುಂಬಿಟ್ಟರೆ, ಮೇಲುಕೋಟೆಗೆ ಹೊರಡುವ ಬೆಳಗ್ಗೆ ಅನ್ನ ಮಾಡಿ ಕಲಸುವುದಷ್ಟೇ ಕೆಲಸ. ಪುಳಿಯೋಗರೆಯ ತವರಿಗೇ ಪುಳಿಯೋಗರೆಯೇ ಎಂದು ನಗುವವರು ನಗಲಿ! ಜೊತೆಗೆ ಮೊಸರನ್ನ: ಹಾಲು ಧಾರಾಳ, ಮೊಸರು ಒಂದೆರಡು ಚಮಚ. ಮಧ್ಯಾಹ್ನದ ಹೊತ್ತಿಗೆ ಅದು ಹುಳಿಯಾಗದೆ ಹೆಪ್ಪಾಗಿರುತ್ತದೆ.

ರಾತ್ರಿ ತಾರಸಿಯ ಮೇಲೆ ಅಜ್ಜಿಯ ಕೈತುತ್ತು. ಬೋಗುಣಿಯ ಸಾರನ್ನದ ಸುತ್ತ ಮಕ್ಕಳೆಲ್ಲ ಕೈಯೊಡ್ಡಿದರೆ, ತಟ್ಟೆ ತೊಳೆಯುವ ಕೆಲಸವೂ ತಪ್ಪಿತು.

ಆದರೂ ದಣಿವು ನೀಗುವುದು ಉಪಾಯಗಳಿಂದಷ್ಟೇ ಅಲ್ಲ. ಗಂಡಸರು ಕಾಯಿ ತುರಿಯಲು, ಬಡಿಸಲು ನಿಂತ ಮನೆಯಲ್ಲಿ ಗೃಹಿಣಿಯೂ ಮೊದಲ ಪಂಕ್ತಿಗೇ ಕುಳಿತು, ಬಿಸಿಯನ್ನಕ್ಕೆ ತುಪ್ಪ ಹಾಕಿಸಿಕೊಳ್ಳುತ್ತಾಳೆ.