ಕೆರೆ ದಡದ ಕಟ್ಟಿಗೆ ಅಕ್ವೇರಿಯಂಗೆ ಬೇಡ: ಯಾವ ಮರ ಸರಿ, ಹೇಗೆ ಸಿದ್ಧ ಮಾಡ್ಬೇಕು?

ದೊಡ್ಡಬಳ್ಳಾಪುರ: ಮನೆಯ ಅಕ್ವೇರಿಯಂನಲ್ಲಿ ಅಂಕುಡೊಂಕಾದ ಒಂದು ಒಣ ಕಟ್ಟಿಗೆ ಇಟ್ಟರೆ ಅದರ ಲುಕ್ಕೇ ಬೇರೆ. ಮೀನು ಅಡಗಿ ಕೂರೋಕೂ ಜಾಗ ಆಗುತ್ತೆ. ಅಂಗಡಿಯಲ್ಲಿ ಡ್ರಿಫ್ಟ್‌ವುಡ್ ಹೆಸರಲ್ಲಿ ಮಾರುವ ಈ ಕಟ್ಟಿಗೆಗೆ ರೇಟು ಜಾಸ್ತಿ ಅಂತ ಕೆಲವರು ಕೆರೆ ದಡದಲ್ಲೋ ತೋಟದಲ್ಲೋ ಬಿದ್ದಿದ್ದನ್ನು ತಂದು ಹಾಕ್ತಾರೆ. ಆಯ್ಕೆ ತಪ್ಪಿದರೆ ತೊಟ್ಟಿಯ ಮೀನೆಲ್ಲಾ ಸಾಯಬಹುದು.

ಕೆರೆ ದಡದ್ದು ಯಾಕೆ ಬೇಡ?

ನೀರಲ್ಲಿ ಬಿದ್ದ ಮರ ಆ ನೀರಿನಲ್ಲಿ ಇರೋದನ್ನೆಲ್ಲಾ ಹೀರಿಕೊಂಡು, ಆಮೇಲೆ ನಿಧಾನಕ್ಕೆ ಹೊರಗೆ ಬಿಡುತ್ತೆ. ತಾಲ್ಲೂಕಿನ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಕಾರ್ಖಾನೆಗಳ ತ್ಯಾಜ್ಯ ಮತ್ತು ನಗರದ ಒಳಚರಂಡಿ ನೀರು ಸೇರುತ್ತಿದೆ ಎಂದು ಗ್ರಾಮಸ್ಥರು ವರ್ಷಗಳಿಂದ ಹೋರಾಟ ಮಾಡುತ್ತಿದ್ದಾರೆ. ಇಂಥ ಕಡೆ ನೆನೆದ ಕಟ್ಟಿಗೆಯನ್ನು ಕುದಿಸಿದರೆ ಹುಳ, ರೋಗಾಣು ಸಾಯುತ್ತವೆ. ಆದರೆ ಒಳಗೆ ಸೇರಿದ ರಾಸಾಯನಿಕ, ಲೋಹದ ಅಂಶ ಪೂರ್ತಿ ಹೋಗಲ್ಲ.

ಯಾವ ಮರ ಹಾಕ್ಬಾರದು?

* ಹೊಂಗೆ, ಬೇವು: ಇವುಗಳಲ್ಲಿ ಮೀನಿಗೆ ವಿಷವಾಗುವ ಅಂಶ ಇದೆ.
* ಕಣಗಿಲೆ, ಕಳ್ಳಿ: ಮನುಷ್ಯರಿಗೂ ಅಪಾಯ, ಮುಟ್ಟಲೇಬೇಡಿ.
* ನೀಲಗಿರಿ, ಚಕ್ಕೋತ, ನಿಂಬೆ: ಎಣ್ಣೆ ಅಂಶ ನೀರಿಗೆ ಬಿಡುವ ಸಾಧ್ಯತೆ ಇದೆ. ದೇವನಹಳ್ಳಿ ಚಕ್ಕೋತ ತಿನ್ನೋಕೆ ಚೆನ್ನ, ತೊಟ್ಟಿಗಲ್ಲ.
* ದ್ರಾಕ್ಷಿ ಕಾಂಡ: ನೋಡೋಕೆ ಚಂದ, ಆದರೆ ನೀರಲ್ಲಿ ಬೇಗ ಕೊಳೆಯುತ್ತೆ. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ತಾಮ್ರ ಇರುತ್ತೆ. ತಾಮ್ರ ಮೀನಿಗೆ, ಅದಕ್ಕಿಂತ ಹೆಚ್ಚಾಗಿ ಸಿಗಡಿ, ಬಸವನಹುಳುವಿಗೆ ಮಾರಕ.

ಔಷಧಿ ಹೊಡೆಯದ ಸೀಬೆ ಮರದ ಒಣ ಕೊಂಬೆ ಒಳ್ಳೆಯದು. ಹಿಪ್ಪುನೇರಳೆಯ ಹಳೇ ದಪ್ಪ ಬುಡವೂ ಆಗುತ್ತೆ. ಯಾವುದೇ ಆದರೂ ಪೂರ್ತಿ ಒಣಗಿರಬೇಕು. ಹಸಿ ಕೊಂಬೆಯ ರಸ ನೀರು ಕೆಡಿಸುತ್ತೆ. ಉಗುರು ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಿದ್ದರೆ, ಕೆಟ್ಟ ವಾಸನೆ ಇದ್ದರೆ ಬಿಟ್ಟುಬಿಡಿ. ಯಾವ ಮರ ಅಂತ ಗೊತ್ತಾಗದಿದ್ದರೂ ಬೇಡ. ಅರಣ್ಯ ಪ್ರದೇಶದಿಂದ ಅನುಮತಿ ಇಲ್ಲದೆ ಕಟ್ಟಿಗೆ ತರೋದು ಅಪರಾಧ.

ಸಿದ್ಧ ಮಾಡೋದು ಹೇಗೆ?

1. ತೊಗಟೆ ಪೂರ್ತಿ ತೆಗೆದು, ಗಟ್ಟಿ ಬ್ರಷ್‌ನಿಂದ ಬರೀ ನೀರಲ್ಲಿ ಉಜ್ಜಿ. ಸೋಪು, ಡಿಟರ್ಜೆಂಟ್ ಬೇಡ.
2. ಅಡುಗೆಗೆ ಬಳಸದ ಹಳೇ ಪಾತ್ರೆಯಲ್ಲಿ, ಗಾಳಿಯಾಡುವ ಕಡೆ 1ರಿಂದ 2 ಗಂಟೆ ಕುದಿಸಿ. ಪಾತ್ರೆಯಲ್ಲಿ ಹಿಡಿಯದಿದ್ದರೆ ಮೇಲೆ ಹಲವು ಸಲ ಕುದಿಯೋ ನೀರು ಸುರಿಯಿರಿ.
3. ಬಕೆಟ್‌ನಲ್ಲಿ 1ರಿಂದ 2 ವಾರ ನೆನೆಸಿ, ದಿನಾ ನೀರು ಬದಲಿಸಿ. ನೀರಿನ ಮೇಲೆ ಎಣ್ಣೆ ಪದರ ಅಥವಾ ಕೊಳೆತ ವಾಸನೆ ಕಂಡರೆ ಆ ಕಟ್ಟಿಗೆ ಎಸೆಯಿರಿ.
4. ಇನ್ನೂ ತೇಲುತ್ತಿದ್ದರೆ ಹತ್ತಿ ದಾರದಲ್ಲಿ ಚಪ್ಪಡಿ ಕಲ್ಲಿನ ಚೂರಿಗೆ ಕಟ್ಟಿ ಇಳಿಸಿ. ಕಬ್ಬಿಣದ ಮೊಳೆ, ತಾಮ್ರದ ತಂತಿ ಬೇಡ.

ಗಾಬರಿ ಯಾವಾಗ, ಯಾವಾಗ ಬೇಡ?

ತೊಟ್ಟಿ ನೀರು ಟೀ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಮರದ ಒಗರು. ಸ್ವಲ್ಪ ಸ್ವಲ್ಪ ನೀರು ಬದಲಿಸುತ್ತಾ ಬಂದರೆ ಕಡಿಮೆ ಆಗುತ್ತೆ. ಮೊದಲ ವಾರಗಳಲ್ಲಿ ಕಟ್ಟಿಗೆ ಮೇಲೆ ಬರುವ ಬಿಳಿ ಲೋಳೆಯೂ ಸಾಮಾನ್ಯ, ಉಜ್ಜಿ ತೆಗೆದರೆ ಸಾಕು.

ಆದರೆ ಮೀನುಗಳು ಮೇಲೆ ಬಂದು ಬಾಯಿ ಬಿಡ್ತಿದ್ದರೆ ಕಾಯಬೇಡಿ. ಕಟ್ಟಿಗೆ ತಕ್ಷಣ ಹೊರಗೆ ತೆಗೆದು, ಮೂರನೇ ಒಂದು ಭಾಗ ನೀರು ಬದಲಿಸಿ, ಏರ್ ಪಂಪ್ ಜೋರು ಮಾಡಿ.